ಬೆಳೆ ಹೋದವರಿಗೆಲ್ಲ ಹಣ ಏಕೆ ಬರುವುದಿಲ್ಲ: ಪರಿಹಾರ, ವಿಮೆ, ಸಾಲದ ಮೂರು ಬೇರೆ ಲೆಕ್ಕಗಳು

2025ರ ಆಗಸ್ಟ್–ಸೆಪ್ಟೆಂಬರ್ ಮಳೆ ಮತ್ತು ಪ್ರವಾಹಕ್ಕೆ ಕಲಬುರಗಿ, ಯಾದಗಿರಿ, ಬೀದರ್, ವಿಜಯಪುರ ಜಿಲ್ಲೆಗಳಲ್ಲಿ ತೊಗರಿ, ಹತ್ತಿ, ಹೆಸರು, ಉದ್ದು ಹೊಲದಲ್ಲೇ ಕೊಳೆತವು. ಸೆಪ್ಟೆಂಬರ್ 30ರಂದು ವೈಮಾನಿಕ ಸಮೀಕ್ಷೆ ಮುಗಿಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ಕೇಂದ್ರದ ಮಾನದಂಡದ ಮೇಲೆ ರಾಜ್ಯದ ಪಾಲಾಗಿ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಕೊಡುವುದಾಗಿ ಘೋಷಿಸಿದರು. ನವೆಂಬರ್‌ನಲ್ಲಿ ಕೇಂದ್ರ ಕೃಷಿ ಸಚಿವಾಲಯ ಇನ್ನೊಂದು ಸುದ್ದಿ ಕೊಟ್ಟಿತು: 2026ರ ಮುಂಗಾರಿನಿಂದ ಕಾಡುಪ್ರಾಣಿ ಹಾವಳಿ ಮತ್ತು ಭತ್ತದ ಗದ್ದೆ ಮುಳುಗಡೆ ಎರಡನ್ನೂ ಪ್ರಧಾನಮಂತ್ರಿ ಫಸಲ್ ಬಿಮಾ, ಅಂದರೆ ಬೆಳೆ ವಿಮೆಯ, ವ್ಯಾಪ್ತಿಗೆ ತರಲಾಗುತ್ತದೆ.

ಘೋಷಣೆಗಳು ಒಂದರ ಮೇಲೊಂದು ಬಂದರೂ ಊರ ಕಟ್ಟೆಯ ಮೇಲಿನ ಪ್ರಶ್ನೆ ಹಳೆಯದೇ. ಒಂದೇ ಬದುವಿನ ಆಚೆ ಈಚೆ ಇರುವ ಎರಡು ಹೊಲಗಳಲ್ಲಿ ಒಬ್ಬರಿಗೆ ಜಮೆಯಾಗಿದೆ, ಇನ್ನೊಬ್ಬರಿಗೆ ಇಲ್ಲ. ಪರಿಹಾರ ಬಂದವರಿಗೆ ವಿಮೆ ಬಂದಿಲ್ಲ, ವಿಮೆ ಬಂದವರಿಗೆ ಪರಿಹಾರ ಬಂದಿಲ್ಲ. ಸೊಸೈಟಿ ಸಾಲದ ಕಂತಿನ ನೋಟಿಸು ಮಾತ್ರ ಎಲ್ಲರಿಗೂ ಬಂದಿದೆ.

ಇದಕ್ಕೆ ಭ್ರಷ್ಟಾಚಾರವೊಂದೇ ಕಾರಣ ಎಂದು ತೀರ್ಪು ಕೊಡುವುದು ಸುಲಭ. ಆದರೆ ಎಲ್ಲರೂ ಪ್ರಾಮಾಣಿಕವಾಗಿ ಕೆಲಸ ಮಾಡಿದರೂ ಈ ವ್ಯತ್ಯಾಸ ಉಳಿದೇ ಉಳಿಯುತ್ತದೆ. ಮೂರು ವ್ಯವಸ್ಥೆಗಳು ನಷ್ಟವನ್ನು ಮೂರು ಬೇರೆ ಅಳತೆಗಳಲ್ಲಿ ಅಳೆಯುವುದೇ ಅದಕ್ಕೆ ಕಾರಣ.

ಯಾವುದು ಯಾರ ದುಡ್ಡು

ಬೆಳೆ ಹಾನಿ ಪರಿಹಾರ ಕಂದಾಯ ಇಲಾಖೆಯ ಕೆಲಸ. ಹಣ ರಾಜ್ಯ ವಿಪತ್ತು ಪರಿಹಾರ ನಿಧಿಯದು. ಕರ್ನಾಟಕದ ಮಟ್ಟಿಗೆ ಈ ನಿಧಿಗೆ ಕೇಂದ್ರ ಶೇ 75, ರಾಜ್ಯ ಶೇ 25 ಹಾಕುತ್ತವೆ. ಅದು ಸಾಲದಷ್ಟು ದೊಡ್ಡ ವಿಪತ್ತಾದರೆ ಪೂರ್ತಿ ಕೇಂದ್ರದ್ದಾದ ರಾಷ್ಟ್ರೀಯ ನಿಧಿಯಿಂದ, ಅಂದರೆ ಎನ್‌ಡಿಆರ್‌ಎಫ್‌ನಿಂದ, ಕೇಳಬೇಕು. ಇಲ್ಲಿ ರೈತ ಏನೂ ಕಟ್ಟಿರುವುದಿಲ್ಲ.

ಬೆಳೆ ವಿಮೆಯಲ್ಲಿ ರೈತ ಪ್ರೀಮಿಯಂ ಕಟ್ಟುತ್ತಾನೆ: ವಿಮಾ ಮೊತ್ತದ ಮೇಲೆ ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಉಳಿದ ಪ್ರೀಮಿಯಂ ಕೇಂದ್ರ ಮತ್ತು ರಾಜ್ಯಗಳದು. ಹಣ ಕೊಡುವುದು ವಿಮಾ ಕಂಪನಿ.

ಸಾಲದ ರಿಯಾಯಿತಿ ಬ್ಯಾಂಕಿನ ಖಾತೆಗೆ ಸಂಬಂಧಪಟ್ಟದ್ದು. ಅಲ್ಲಿ ಕೈಗೆ ಹಣ ಬರುವುದಿಲ್ಲ, ಗಡುವು ಮುಂದೆ ಹೋಗುತ್ತದೆ ಅಷ್ಟೆ.

ಒಂದು ಬಂದರೆ ಇನ್ನೊಂದು ಬರುವುದಿಲ್ಲ ಎಂಬ ನಂಬಿಕೆ ಹಳ್ಳಿಗಳಲ್ಲಿ ಗಟ್ಟಿಯಾಗಿದೆ. ಅದು ತಪ್ಪು. ಪರಿಹಾರವೂ ವಿಮೆಯೂ ಎರಡೂ ಬರಬಹುದು.

ಹೆಕ್ಟೇರಿನ ದರ ಎಕರೆಗೆ ಇಳಿದಾಗ

2022–23ರಿಂದ 2025–26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೀಗಿದೆ: ಖುಷ್ಕಿ (ಮಳೆಯಾಶ್ರಿತ) ಬೆಳೆಗೆ ಹೆಕ್ಟೇರಿಗೆ 8,500, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಬೆಳೆ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 5 ಎಕರೆ. ರಾಜ್ಯದ ಹೆಚ್ಚುವರಿ ಸೇರಿದರೆ ಈ ದರಗಳು 17,000, 25,500 ಮತ್ತು 31,000 ಆಗುತ್ತವೆ.

ಹೆಕ್ಟೇರ್ ಎಂದರೆ 2.47 ಎಕರೆ. ಆದ್ದರಿಂದ ಖುಷ್ಕಿಯ 8,500 ಎಕರೆಗೆ ಸುಮಾರು 3,440 ರೂಪಾಯಿ, ಗುಂಟೆಗೆ 86. ಮೂರೂವರೆ ಎಕರೆ ತೊಗರಿ ಕಳೆದುಕೊಂಡವರಿಗೆ ಕೇಂದ್ರದ ದರದಲ್ಲಿ ಸುಮಾರು 12,040, ರಾಜ್ಯದ್ದೂ ಸೇರಿದರೆ 24,080. ಇವೆರಡೂ ಒಟ್ಟಿಗೆ ಜಮೆಯಾಗದೆ ಬೇರೆ ಬೇರೆ ಕಂತಿನಲ್ಲಿ ಬಂದರೆ ಮೊದಲ ಮೆಸೇಜ್ ನೋಡಿದವರಿಗೆ ಅರ್ಧ ಹಣ ಯಾರೋ ನುಂಗಿದಂತೆ ಕಾಣುತ್ತದೆ. ಘೋಷಣೆ ಹೆಕ್ಟೇರಿನಲ್ಲಿ, ಹೊಲದ ಲೆಕ್ಕ ಎಕರೆ–ಗುಂಟೆಯಲ್ಲಿ ಇರುವುದೂ ಗೊಂದಲಕ್ಕೆ ತನ್ನ ಪಾಲು ಸೇರಿಸುತ್ತದೆ. ಹೆಕ್ಟೇರಿಗೆ 17,000 ಎಂದದ್ದು ಕಿವಿಯಿಂದ ಕಿವಿಗೆ ಹೋಗುವಷ್ಟರಲ್ಲಿ ಎಕರೆಗೆ 17,000 ಆಗಿರುತ್ತದೆ.

ಇನ್ನೊಂದು ವಿಷಯ: ಶೇ 33ರ ಗೆರೆ ದಾಟಿದ ಮೇಲೆ ಶೇ 40 ನಷ್ಟಕ್ಕೂ ಶೇ 100 ನಷ್ಟಕ್ಕೂ ಒಂದೇ ದರ. ಹೀಗೇಕೆ ಎಂದರೆ ಈ ಹಣ ನಷ್ಟ ತುಂಬಿಕೊಡಲು ಇರುವುದಲ್ಲ ಎಂಬುದು ಕೇಂದ್ರದ ಘೋಷಿತ ನಿಲುವು. ಮಾನದಂಡದ ಪಟ್ಟಿಯಲ್ಲಿ ಇದಕ್ಕಿರುವ ಹೆಸರೇ ಇನ್‌ಪುಟ್ ಸಬ್ಸಿಡಿ: ಮತ್ತೆ ಬೀಜ, ಗೊಬ್ಬರ ಕೊಳ್ಳಲು ಒಂದು ಆಸರೆ. ಎಕರೆಗೆ 3,440ರಲ್ಲಿ ತೊಗರಿ ಮತ್ತೆ ಬಿತ್ತುವ ಖರ್ಚು ಎಷ್ಟು ತುಂಬುತ್ತದೆ ಎಂಬುದನ್ನು ಯಾವ ರೈತನಾದರೂ ಹೇಳಿಯಾನು.

ನದಿ ಉಕ್ಕಿ ಹೊಲದ ಮೇಲೆ ಮರಳು ಕೂತರೆ ಅದು ಬೇರೆ ಬಾಬತ್ತು. 3 ಇಂಚಿಗಿಂತ ಹೆಚ್ಚು ಹೂಳು ಅಥವಾ ಮರಳು ಎಂದು ದೃಢೀಕರಣವಾದರೆ ತೆಗೆಯಲು ಹೆಕ್ಟೇರಿಗೆ 18,000. ನದಿ ಪಾತ್ರ ಬದಲಾಗಿಯೋ ಭೂಕುಸಿತದಿಂದಲೋ ಜಮೀನೇ ಹೋದರೆ ಸಣ್ಣ ಮತ್ತು ಅತಿಸಣ್ಣ ರೈತರಿಗೆ ಹೆಕ್ಟೇರಿಗೆ 47,000. ಬೆಳೆ ಹಾನಿ ಅರ್ಜಿಯ ಜೊತೆ ಇದನ್ನು ಬೇರೆಯಾಗಿ ಬರೆಸದಿದ್ದರೆ ಯಾರೂ ತಾವಾಗಿ ಸೇರಿಸುವುದಿಲ್ಲ. ಅಳತೆಪಟ್ಟಿ ಹೂಳಿನಲ್ಲಿ ನಿಲ್ಲಿಸಿ ತೆಗೆದ ಫೋಟೊ ಇದ್ದರೆ ಒಳ್ಳೆಯದು. ಎರಡು ಮಳೆ ಬಿದ್ದ ಮೇಲೆ ಹೂಳಿನ ಆಳ ಸಾಬೀತು ಮಾಡುವುದು ಕಷ್ಟ.

ಕೇಂದ್ರ–ರಾಜ್ಯದ ಜಗಳ ಎಲ್ಲಿದೆ

2023ರ ಬರವನ್ನು ನೋಡಿದರೆ ಇದು ಅರ್ಥವಾಗುತ್ತದೆ. ರಾಜ್ಯ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿ 18,171.44 ಕೋಟಿ ರೂಪಾಯಿ ಕೇಳಿತು. ಕೇಂದ್ರದ ತಂಡ ಅಕ್ಟೋಬರ್‌ನಲ್ಲಿ ಬಂದು ಹೋಯಿತು, ಹಣ ಬರಲಿಲ್ಲ. ರಾಜ್ಯ ಜನವರಿಯಲ್ಲಿ ತನ್ನ ಬೊಕ್ಕಸದಿಂದ ಗರಿಷ್ಠ 2,000 ರೂಪಾಯಿಯ ಮೊದಲ ಕಂತು ಹಾಕಲು ಶುರುಮಾಡಿತು, ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರ 3,454 ಕೋಟಿ ಬಿಡುಗಡೆ ಮಾಡಿತು.

ಕೇಳಿದ್ದು 18 ಸಾವಿರ ಕೋಟಿ, ಕೊಟ್ಟದ್ದು ಮೂರೂವರೆ ಸಾವಿರ ಕೋಟಿ ಎಂದು ಎರಡೂ ಕಡೆಯವರು ತಮಗೆ ಬೇಕಾದಂತೆ ಭಾಷಣ ಮಾಡಿದರು. ಬೇಡಿಕೆಯನ್ನು ಬಿಡಿಸಿ ನೋಡಿದವರು ಕಡಿಮೆ. ಅದರಲ್ಲಿ ಬೆಳೆ ಹಾನಿಯ ಬಾಬತ್ತು 4,663.12 ಕೋಟಿ ಮಾತ್ರ. 12,577.86 ಕೋಟಿ ಬರದಿಂದ ಜೀವನೋಪಾಯ ಕಳೆದುಕೊಂಡ ಕುಟುಂಬಗಳಿಗೆ ಕೊಡಬೇಕಾದ ತುರ್ತು ನೆರವು. ಉಳಿದದ್ದು ಕುಡಿಯುವ ನೀರಿಗೆ 566.78 ಕೋಟಿ, ಜಾನುವಾರು ರಕ್ಷಣೆಗೆ 363.68 ಕೋಟಿ. ನಿಜವಾದ ತಕರಾರು ಆ 12 ಸಾವಿರ ಕೋಟಿಯದು. ಜೀವನೋಪಾಯದ ನೆರವೂ ಮಾನದಂಡದಲ್ಲೇ ಇದೆ ಎಂದು ರಾಜ್ಯ ವಾದಿಸಿತು. ಬೆಳೆ ಹಾನಿಯ ಲೆಕ್ಕವನ್ನಷ್ಟೇ ಹಿಡಿದು ನೋಡಿದರೆ ಅಂತರ ಭಾಷಣಗಳಲ್ಲಿ ಕೇಳಿದಷ್ಟು ದೊಡ್ಡದಾಗಿರಲಿಲ್ಲ. ಆದರೆ ಮುಂಗಾರಿನಲ್ಲಿ ಹೋದ ಬೆಳೆಯ ಹಣ ಮುಂದಿನ ಮುಂಗಾರಿನ ಹೊಸ್ತಿಲಲ್ಲಿ ಬಂದದ್ದು ಮಾತ್ರ ಯಾವ ಲೆಕ್ಕದಲ್ಲೂ ಸಮರ್ಥನೀಯವಲ್ಲ.

ರಾಜ್ಯದ ಹೆಚ್ಚುವರಿ ಕೂಡ ಹಕ್ಕಲ್ಲ, ಆಯಾ ಸರ್ಕಾರದ ತೀರ್ಮಾನ. 2021ರಲ್ಲಿ ಬಸವರಾಜ ಬೊಮ್ಮಾಯಿ ಸರ್ಕಾರ ಖುಷ್ಕಿಯ 6,800ನ್ನು 13,600ಕ್ಕೆ, ನೀರಾವರಿಯ 13,500ನ್ನು 25,000ಕ್ಕೆ ಏರಿಸಿತ್ತು. ಯಾವ ವರ್ಷ ಬೆಳೆ ಹೋಯಿತು ಎಂಬುದರ ಮೇಲೆ ಎಕರೆಯ ಬೆಲೆ ಬದಲಾಗುತ್ತದೆ.

ಹಣ ದಾರಿ ತಪ್ಪುವುದು ಬೆಳೆ ಸಮೀಕ್ಷೆಯಲ್ಲಿ

ದರ ಎಷ್ಟೇ ಇರಲಿ, ಅದು ಖಾತೆಗೆ ಬರುವ ದಾರಿ ಒಂದೇ. ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಜಂಟಿ ಸಮೀಕ್ಷೆ ನಡೆದು, ಸರ್ವೆ ನಂಬರ್‌ವಾರು ಹಾನಿಯ ವಿವರ ‘ಪರಿಹಾರ’ ತಂತ್ರಾಂಶಕ್ಕೆ ಹೋಗುತ್ತದೆ. ಅಲ್ಲಿ ಅದು ಪಹಣಿ, ಬೆಳೆ ಸಮೀಕ್ಷೆ (ಯಾವ ಹೊಲದಲ್ಲಿ ಯಾವ ಬೆಳೆ ಎಂದು ಪ್ರತಿ ಹಂಗಾಮಿನಲ್ಲಿ ಮಾಡುವ ದಾಖಲೆ) ಮತ್ತು ಫ್ರೂಟ್ಸ್ (ರೈತರ ನೋಂದಣಿಯ ಸರ್ಕಾರಿ ತಂತ್ರಾಂಶ) ದತ್ತಾಂಶದ ಜೊತೆ ತಾಳೆಯಾಗಬೇಕು. ಆಮೇಲೆ ಆಧಾರ್ ಜೋಡಣೆಯಾದ ಖಾತೆಗೆ ನೇರ ಜಮೆ. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಬಿಟ್ಟರೂ ಹಣ ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚು ತೊಡಕು ಬೆಳೆಯ ಹೆಸರಿನದು. ರೈತ ತಾನೇ ಆ್ಯಪ್‌ನಲ್ಲಿ ಬೆಳೆ ದಾಖಲಿಸಬಹುದು. ಆದರೆ ಹೊಲದ ಗಡಿಯೊಳಗೆ ನಿಂತೇ ಫೋಟೊ ತೆಗೆಯಬೇಕು. ಬಹಳ ಜನ ಮಾಡುವುದಿಲ್ಲ. ಆಗ ಸಮೀಕ್ಷೆಗೆಂದು ನೇಮಿಸಿದ ಊರಿನ ಖಾಸಗಿ ನಿವಾಸಿ, ಅಂದರೆ ‘ಪಿಆರ್’, ಬಂದು ಮಾಡುತ್ತಾನೆ. ಅವನಿಗೆ ಸಿಗುವುದು ಪ್ಲಾಟಿನ ಲೆಕ್ಕದ ಸಣ್ಣ ಗೌರವಧನ. ನೂರಾರು ಪ್ಲಾಟು ಮುಗಿಸುವ ಅವಸರದಲ್ಲಿ ತೊಗರಿಯ ನಡುವೆ ಹಾಕಿದ ಹೆಸರುಕಾಳಿನ ಬೆಳೆ ಬಿಟ್ಟುಹೋಗುತ್ತದೆ, ಇಲ್ಲವೇ ಆ ಬೆಳೆ ಕಿತ್ತ ಮೇಲೆ ಬಂದದ್ದರಿಂದ ಹೊಲ ‘ಪಾಳು’ ಎಂದು ದಾಖಲಾಗುತ್ತದೆ. ಪಾಳು ಬಿದ್ದ ಹೊಲದಲ್ಲಿ ಬೆಳೆ ಹಾನಿ ಹೇಗಾದೀತು? ತಂತ್ರಾಂಶ ತಿರಸ್ಕರಿಸುತ್ತದೆ. ವಿಮೆಯಲ್ಲೂ ಇದೇ ಕಥೆ: ಪ್ರೀಮಿಯಂ ಕಟ್ಟಿದ್ದು ಹೆಸರುಕಾಳಿಗೆ, ಸಮೀಕ್ಷೆಯಲ್ಲಿ ಇರುವುದು ತೊಗರಿ ಎಂದಾದರೆ ತಾಳೆಯಾಗದ ಪಟ್ಟಿಗೆ ಸೇರುತ್ತದೆ.

ಇದನ್ನು ಮೊದಲೇ ನೋಡಿಕೊಳ್ಳಲು ‘ಬೆಳೆ ದರ್ಶಕ’ ಆ್ಯಪ್ ಇದೆ. ಸರ್ವೆ ನಂಬರ್ ಹಾಕಿದರೆ ಯಾವ ಬೆಳೆ, ಎಷ್ಟು ವಿಸ್ತೀರ್ಣ, ಯಾವ ಫೋಟೊ ಎಂದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಬೆಳೆ ಹೊಲದಲ್ಲಿ ನಿಂತಿರುವಾಗಲೇ ಹಾಕಬೇಕು. ಹೆಚ್ಚಿನವರು ಈ ಆ್ಯಪ್ ತೆರೆಯುವುದು ಪರಿಹಾರ ಬರಲಿಲ್ಲ ಎಂದು ಗೊತ್ತಾದ ಮೇಲೆ. ಆಗ ಸರಿಪಡಿಸಲು ಹೊಲದಲ್ಲಿ ಏನೂ ಉಳಿದಿರುವುದಿಲ್ಲ.

ಎರಡನೆಯದು ಎಫ್‌ಐಡಿ, ಅಂದರೆ ಫ್ರೂಟ್ಸ್‌ನಲ್ಲಿ ರೈತನಿಗೆ ಸಿಗುವ ಗುರುತಿನ ಸಂಖ್ಯೆ. ಫ್ರೂಟ್ಸ್‌ನಲ್ಲಿ ನೋಂದಣಿ ಆಗಿದೆ ಎಂದರೆ ಸಾಲದು, ಎಲ್ಲ ಸರ್ವೆ ನಂಬರ್‌ಗಳೂ ಅದರಲ್ಲಿ ಸೇರಿರಬೇಕು. ಮೂರು ತುಣುಕು ಜಮೀನಿದ್ದು ಒಂದೇ ಜೋಡಿಸಿದ್ದರೆ ಒಂದಕ್ಕೇ ಹಣ ಬರುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ಪಹಣಿ ಮತ್ತು ಆಧಾರ್ ಕೊಟ್ಟು ಸೇರಿಸಿಕೊಳ್ಳಬಹುದು. ಪಹಣಿಯಲ್ಲಿ ‘ಶರಣಪ್ಪ ತಂದೆ ಬಸಪ್ಪ’, ಆಧಾರ್‌ನಲ್ಲಿ ‘ಶರಣಬಸಪ್ಪ’ ಎಂದಿದ್ದರೆ ಅದೂ ನಿಲ್ಲುತ್ತದೆ. ಮೂರನೆಯದು ಬ್ಯಾಂಕು: ಎರಡು ಖಾತೆ ಇರುವವರ ಹಣ ಕೊನೆಯದಾಗಿ ಆಧಾರ್ ಜೋಡಿಸಿದ ಖಾತೆಗೆ ಹೋಗಿರುತ್ತದೆ, ರೈತ ಇನ್ನೊಂದರ ಪಾಸ್‌ಬುಕ್ ಹಿಡಿದು ಅಲೆಯುತ್ತಿರುತ್ತಾನೆ.

ಈ ಮೂರನ್ನೂ ಸಕಾಲಕ್ಕೆ ಅರ್ಜಿ ಕೊಟ್ಟು ಸರಿಮಾಡಬಹುದು. ಅರ್ಜಿಯಿಂದಷ್ಟೇ ಸರಿಯಾಗದವು ಬೇರೆ ಎರಡಿವೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದರೆ ಸತ್ತವರ ಆಧಾರ್‌ಗೆ ಹಣ ಹೋಗುವಂತಿಲ್ಲ. ಪೌತಿ ಖಾತೆಯಾಗಬೇಕು, ಅಂದರೆ ಜಮೀನು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಅಣ್ಣತಮ್ಮಂದಿರು ಒಪ್ಪಬೇಕು. ಇನ್ನೊಂದು ಬೇರೆಯವರ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಹಾಕಿಕೊಂಡವರದು. ಅದನ್ನು ಕೊನೆಯಲ್ಲಿ ನೋಡೋಣ.

ವಿಮೆ ನೋಡುವುದು ಪಂಚಾಯಿತಿಯ ಸರಾಸರಿ

ವಿಮೆಯ ಲೆಕ್ಕದಲ್ಲಿ ನಿಮ್ಮ ಹೊಲ ಬರುವುದೇ ಇಲ್ಲ ಎಂಬುದು ಹಲವರಿಗೆ ಇನ್ನೂ ನಂಬಲಾಗದ ಸಂಗತಿ. ಮುಖ್ಯ ಬೆಳೆಗೆ ಗ್ರಾಮ ಪಂಚಾಯಿತಿ ಒಂದು ಘಟಕ, ಇತರ ಬೆಳೆಗೆ ಹೋಬಳಿ. ಪಂಚಾಯಿತಿ ಮಟ್ಟದಲ್ಲಿ ಒಂದು ಬೆಳೆಗೆ 4 ಕಡೆ, ಹೋಬಳಿಯಲ್ಲಿ 10 ಕಡೆ ಬೆಳೆ ಕಟಾವು ಪ್ರಯೋಗ ನಡೆಯುತ್ತದೆ. ಗುರುತು ಹಾಕಿದ ಚೌಕದ ಬೆಳೆ ಕೊಯ್ದು, ಬಡಿದು, ತೂಗಿ ಸರಾಸರಿ ತೆಗೆಯುತ್ತಾರೆ. ಆ ಸರಾಸರಿ ಇಡೀ ಪಂಚಾಯಿತಿಗೆ ಅನ್ವಯ.

ಇದನ್ನು ಹೋಲಿಸುವುದು ಪ್ರಾರಂಭಿಕ ಇಳುವರಿಯ ಜೊತೆ. ಕಳೆದ 7 ವರ್ಷಗಳಲ್ಲಿ ಚೆನ್ನಾಗಿದ್ದ 5 ವರ್ಷಗಳ ಸರಾಸರಿಯನ್ನು ಆ ಬೆಳೆಗೆ ನಿಗದಿಯಾದ ಶೇ 70, 80 ಅಥವಾ 90ರಿಂದ ಗುಣಿಸಿದರೆ ಅದು ಸಿಗುತ್ತದೆ. ಉದಾಹರಣೆಗೆ ಐದು ವರ್ಷದ ಸರಾಸರಿ ಹೆಕ್ಟೇರಿಗೆ 900 ಕಿಲೊ, ಮಟ್ಟ ಶೇ 80 ಎಂದುಕೊಳ್ಳಿ. ಪ್ರಾರಂಭಿಕ ಇಳುವರಿ 720 ಕಿಲೊ. ಈ ವರ್ಷ ಕಟಾವು ಪ್ರಯೋಗದಲ್ಲಿ 540 ಬಂದರೆ ಕೊರತೆ 180, ಅಂದರೆ 720ರ ಶೇ 25. ವಿಮಾ ಮೊತ್ತ ಹೆಕ್ಟೇರಿಗೆ 40,000 ಇದ್ದರೆ ಸಿಗುವುದು 10,000. ಅದೇ ಪಂಚಾಯಿತಿಯ ತಗ್ಗಿನ ಹೊಲದಲ್ಲಿ ಒಂದು ಕಾಳೂ ಬಾರದೆ, ಎರಿ ದಿಬ್ಬದ ಹೊಲಗಳಲ್ಲಿ ಬೆಳೆ ಉಳಿದು ಸರಾಸರಿ 720 ಮುಟ್ಟಿದರೆ ಯಾರಿಗೂ ಏನೂ ಇಲ್ಲ.

ಕಂಪನಿಗಳ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಪ್ರತಿ ಹೊಲಕ್ಕೂ ಹೋಗಿ ನಷ್ಟ ಅಳೆಯುವುದೆಂದರೆ ಪ್ರೀಮಿಯಂ ಹಲವು ಪಟ್ಟು ಏರುತ್ತದೆ. ಸರಾಸರಿಯಾದರೆ ಬೇಕೆಂದೇ ಬೆಳೆ ಕೆಡಿಸುವ ಪ್ರಶ್ನೆಯೂ ಇಲ್ಲ. ಆದರೆ ಈ ಸೂತ್ರದೊಳಗೆ ಒಂದು ಅನ್ಯಾಯ ಅಡಗಿದೆ. ಏಳರಲ್ಲಿ ಬಿಟ್ಟುಬಿಡುವುದು ಎರಡೇ ಕೆಟ್ಟ ವರ್ಷ. ಏಳರಲ್ಲಿ ಮೂರ್ನಾಲ್ಕು ವರ್ಷ ಬರವೋ ನೆರೆಯೋ ಕಂಡ ತಾಲ್ಲೂಕಿನಲ್ಲಿ ಕೆಟ್ಟ ವರ್ಷಗಳೇ ಸರಾಸರಿಯೊಳಗೆ ಸೇರಿ ಪ್ರಾರಂಭಿಕ ಇಳುವರಿಯನ್ನು ಕೆಳಗೆ ಎಳೆಯುತ್ತವೆ. ಹೆಚ್ಚು ನೊಂದ ಸೀಮೆಗೆ ಕಡಿಮೆ ರಕ್ಷಣೆ ಸಿಗುತ್ತದೆ. ಚರ್ಚೆಯೆಲ್ಲ ಕಂಪನಿಗಳ ಲಾಭದ ಸುತ್ತ ನಡೆಯುವುದರಿಂದ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

72 ಗಂಟೆ

ಸರಾಸರಿಯಿಂದ ಹೊರಗೆ ನಿಮ್ಮ ಹೊಲವನ್ನೇ ನೋಡುವ ಕಿಟಕಿ ಒಂದಿದೆ. ಆಲಿಕಲ್ಲು, ಭೂಕುಸಿತ, ಮೇಘಸ್ಫೋಟ, ಸಿಡಿಲಿನ ಬೆಂಕಿ, ಹೊಲ ಮುಳುಗಡೆ ಇವು ಸ್ಥಳೀಯ ವಿಪತ್ತುಗಳು. ಕೊಯ್ದು ಒಣಗಲು ಹೊಲದಲ್ಲೇ ಹರಡಿದ ಬೆಳೆ 14 ದಿನದೊಳಗೆ ಮಳೆಗೆ ಸಿಕ್ಕಿದರೆ ಅದೂ ಸೇರುತ್ತದೆ. ಷರತ್ತು: 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಬಹುದು, ಕ್ರಾಪ್ ಇನ್ಶೂರೆನ್ಸ್ ಆ್ಯಪ್‌ನಲ್ಲಿ ಹಾಕಬಹುದು, ಬ್ಯಾಂಕಿಗೆ ಅಥವಾ ಕೃಷಿ ಇಲಾಖೆಗೆ ಬರೆದು ಕೊಡಬಹುದು. ಯಾವುದೇ ಮಾಡಿದರೂ ದೂರಿನ ಸಂಖ್ಯೆ ಇಟ್ಟುಕೊಳ್ಳಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಬರೆದುಕೊಂಡು ಹೋದರು ಎಂಬುದು ವಿಮೆಗೆ ತಿಳಿಸಿದಂತೆ ಆಗುವುದಿಲ್ಲ. ಅದು ಕಂದಾಯದ ಲೆಕ್ಕ. ನೆರೆ ಬಂದಾಗ ಕರೆಂಟು, ಟವರು ಎರಡೂ ಹೋಗಿರುತ್ತವೆ, ಮೂರು ದಿನ ಹೊಲಕ್ಕೆ ಕಾಲಿಡಲೂ ಆಗುವುದಿಲ್ಲ. ನಿಯಮ ಬರೆದವರು ಆಲಿಕಲ್ಲನ್ನು ನೆನೆದು ಬರೆದಂತಿದೆ.

ಹಣ ಕೂಡ ಪೂರ್ತಿ ವಿಮಾ ಮೊತ್ತವಲ್ಲ. ಆ ದಿನದವರೆಗೆ ಬೆಳೆಗೆ ಹಾಕಿದ ಖರ್ಚಿನ ಪ್ರಮಾಣದಲ್ಲಿ ಕೊಡುತ್ತಾರೆ.

ಭತ್ತದಂಥ ನೀರಿನ ಬೆಳೆಗೆ 2018ರಲ್ಲಿ ಮುಳುಗಡೆಯನ್ನು ತೆಗೆದುಹಾಕಿದ್ದರು. 2026ರ ಮುಂಗಾರಿನಿಂದ ಅದು ಮರಳುತ್ತದೆ ಎಂಬುದು ಕರಾವಳಿ, ಮಲೆನಾಡಿಗೆ ಅನುಕೂಲ. ಕಾಡುಪ್ರಾಣಿ ಹಾವಳಿಯಲ್ಲಿ ಯಾವ ಪ್ರಾಣಿ, ಯಾವ ಜಿಲ್ಲೆ ಎಂದು ರಾಜ್ಯವೇ ಅಧಿಸೂಚನೆ ಹೊರಡಿಸಬೇಕು. ಇಲ್ಲೂ 72 ಗಂಟೆ, ಸ್ಥಳ ಗುರುತಿರುವ ಫೋಟೊ ಕಡ್ಡಾಯ. ಅರಣ್ಯ ಇಲಾಖೆ ಕೊಡುವ ಬೆಳೆ ಪರಿಹಾರ ಇದಕ್ಕಿಂತ ಬೇರೆ. ಅದಕ್ಕೆ ಪ್ರತ್ಯೇಕ ಅರ್ಜಿಯೇ ಬೇಕು.

ದನ, ಕುರಿ

ಜಾನುವಾರಿಗೆ ದರ ಸ್ಪಷ್ಟವಿದೆ. ವಿಪತ್ತಿನಲ್ಲಿ ಸತ್ತ ಹಸು, ಎಮ್ಮೆಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ–ಮೇಕೆಗೆ 4,000, ಕೋಳಿಗೆ 100 ರೂಪಾಯಿ. ಒಂದು ಕುಟುಂಬಕ್ಕೆ ಹಾಲಿನ ದೊಡ್ಡ ದನ 3, ಕುರಿ–ಮೇಕೆ 30, ಕೋಳಿಗೆ ಒಟ್ಟು 10,000ದ ಮಿತಿ. ನೂರಿನ್ನೂರು ಕುರಿಗಳ ಹಿಂಡು ಇಟ್ಟುಕೊಂಡು ಊರೂರು ತಿರುಗುವವರಿಗೆ 30ರ ಮಿತಿ ಏನೇನೂ ಅಲ್ಲ. ಪಶುವೈದ್ಯರ ಮರಣೋತ್ತರ ವರದಿ ಬೇಕು. ನೆರೆಯಲ್ಲಿ ಕೊಚ್ಚಿಹೋದ ದನದ ಹೆಣವೇ ಸಿಗದಿದ್ದರೆ ಕಿವಿಯ 12 ಅಂಕಿಯ ಟ್ಯಾಗ್ ದಾಖಲೆ ನೆರವಾಗಬಹುದು.

ರೋಗದಿಂದ ಸತ್ತರೆ ವಿಪತ್ತು ನಿಧಿ ಅನ್ವಯಿಸುವುದಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯ ಬೇರೆಯಾಗಿ ಹಣ ಒದಗಿಸಬೇಕಾಯಿತು. ಅದಕ್ಕಿರುವುದು ಜಾನುವಾರು ವಿಮೆ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 2024ರಿಂದ ರೈತ ಪ್ರೀಮಿಯಂನ ಶೇ 15 ಮಾತ್ರ ಕಟ್ಟಿದರೆ ಸಾಕು.

ಸಾಲ: ಮುಂದೂಡಿದ ಕಂತಿನ ಬೆಲೆ

ಸಹಕಾರ ಸಂಘಗಳಲ್ಲಿ 5 ಲಕ್ಷದವರೆಗೆ ಶೂನ್ಯ ಬಡ್ಡಿ ಬೆಳೆ ಸಾಲ ಇದೆ, ಗಡುವಿನೊಳಗೆ ಕಟ್ಟಿದರೆ ಮಾತ್ರ. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗೆ ಶೇ 7, ಸಕಾಲಕ್ಕೆ ಕಟ್ಟಿದರೆ ಶೇ 3 ವಾಪಸು. ಬೆಳೆ ಹೋಗಿ ಕಟ್ಟಲಾಗದಿದ್ದರೆ ಈ ರಿಯಾಯಿತಿಯೂ ಹೋಗುತ್ತದೆ.

ರಿಸರ್ವ್ ಬ್ಯಾಂಕಿನ 2018ರ ನಿರ್ದೇಶನ, ನಷ್ಟ ಶೇ 33ರಿಂದ 50ರೊಳಗಿದ್ದರೆ ಬೆಳೆ ಸಾಲವನ್ನು ಗರಿಷ್ಠ 2 ವರ್ಷದ, ಶೇ 50 ಮೀರಿದರೆ ಗರಿಷ್ಠ 5 ವರ್ಷದ ಅವಧಿ ಸಾಲವಾಗಿ ಬದಲಿಸಲು ಅವಕಾಶ ಕೊಟ್ಟಿತ್ತು. ಮೊದಲ ಒಂದು ವರ್ಷ ಕಂತಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಬದಲಾದ ಸಾಲಕ್ಕೆ ಬಡ್ಡಿ ಸಹಾಯಧನ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ, ಎರಡನೇ ವರ್ಷದಿಂದ ಮಾಮೂಲಿ ಬಡ್ಡಿ. ಹೇಗೋ ಹೊಂದಿಸಿ ಕಟ್ಟಬಲ್ಲವರು ಕಟ್ಟಿ ಹೊಸ ಸಾಲ ಎತ್ತುವುದೇ ಅಗ್ಗ. ನಿಜಕ್ಕೂ ಕೈ ಖಾಲಿಯಾದವರು ಗಡುವು ಮೀರುವ ಮೊದಲೇ ಬ್ಯಾಂಕಿಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಬೇಕು. ಸುಸ್ತಿಯಾದ ಮೇಲೆ ಕೇಳಿದರೆ ಮಾತು ಬೇರೆಯಾಗುತ್ತದೆ.

ಬಂದ ಪರಿಹಾರವನ್ನು ಬ್ಯಾಂಕು ಸಾಲಕ್ಕೆ ಜಮಾ ಮಾಡಿಕೊಳ್ಳುವ ದೂರು 2024ರ ಮೇ ತಿಂಗಳಲ್ಲಿ ವ್ಯಾಪಕವಾಗಿತ್ತು. ಜಿಲ್ಲಾಧಿಕಾರಿಗಳು ಹಾಗೆ ಮಾಡಬಾರದೆಂದು ಸೂಚಿಸಿದ್ದರು. ಹಾಗೆ ಕಡಿತವಾಗಿದ್ದರೆ ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಮತ್ತು ತಹಶೀಲ್ದಾರರಿಗೆ ಪಾಸ್‌ಬುಕ್ ಪ್ರತಿಯೊಂದಿಗೆ ಬರೆಯಬಹುದು.

ದರ ಏರಿದರೂ ಹೊರಗೇ ಉಳಿಯುವವರು

ಈ ಮಾನದಂಡಗಳ ಅವಧಿ 2025–26ರವರೆಗಿನದು, 2026ರ ಏಪ್ರಿಲ್‌ನಿಂದ 16ನೇ ಹಣಕಾಸು ಆಯೋಗದ ಅವಧಿ. ರಾಜ್ಯಗಳ ಒತ್ತಾಯವೆಲ್ಲ ದರದ ಮೇಲೆ. ದರ ಏರಬೇಕು, ಸರಿ. ಆದರೆ ದರ ಏರಿದಷ್ಟೂ ದಾಖಲೆಯೊಳಗೆ ಇರುವವರಿಗೂ ಹೊರಗಿರುವವರಿಗೂ ನಡುವಿನ ಅಂತರ ಹಿಗ್ಗುತ್ತದೆ. ಲಾವಣಿ ಹಾಕಿಕೊಂಡು ಬೀಜ, ಗೊಬ್ಬರ, ಆಳಿನ ಖರ್ಚೆಲ್ಲ ಸುರಿದವನ ಬೆಳೆ ಹೋದರೆ ಹೆಕ್ಟೇರಿನ 17,000 ಪಹಣಿದಾರನ ಖಾತೆಗೆ ಹೋಗುತ್ತದೆ. ಆತ ಕೊಟ್ಟರೆ ಉಂಟು, ಕೊಡದಿದ್ದರೆ ಕೇಳಲು ಕಾಗದವಿಲ್ಲ.

ಕಾಗದ ಇಲ್ಲದಿರುವುದಕ್ಕೂ ಕಾರಣವಿದೆ. 1974ರ ತಿದ್ದುಪಡಿಯ ನಂತರ ಕರ್ನಾಟಕ ಭೂಸುಧಾರಣಾ ಕಾಯ್ದೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದನ್ನು ಬಹುತೇಕ ನಿಷೇಧಿಸಿತು. ಉಳುವವನಿಗೆ ಭೂಮಿ ಕೊಟ್ಟ ಅದೇ ಕಾಯ್ದೆಯ ನೆರಳಿನಲ್ಲಿ ಇಂದಿನ ಲಾವಣಿಯೆಲ್ಲ ಬಾಯಿಮಾತಿನದು. ಬರೆದುಕೊಟ್ಟರೆ ಹೊಲ ಹೋಗುತ್ತದೆ ಎಂಬ ಭಯ ಮಾಲೀಕರಿಗೆ. ಆಂಧ್ರಪ್ರದೇಶ 2019ರಲ್ಲಿ ಸಾಗುವಳಿದಾರರ ಹಕ್ಕಿನ ಕಾಯ್ದೆ ತಂದು 11 ತಿಂಗಳ ಕಾರ್ಡು ಕೊಟ್ಟಿತು. ಆದರೆ ಅದಕ್ಕೂ ಮಾಲೀಕನ ಒಪ್ಪಿಗೆ ಬೇಕಿದ್ದರಿಂದ ಕಾರ್ಡು ಸಿಗದವರೇ ಹೆಚ್ಚು. ಕರ್ನಾಟಕಕ್ಕೆ ಹೊಸ ಕಾರ್ಡಿಗಿಂತ ಸುಲಭದ ದಾರಿಯೊಂದಿದೆ. ಪಹಣಿಯ 12ನೇ ಕಾಲಂ ಸಾಗುವಳಿದಾರನ ವಿವರಕ್ಕೇ ಮೀಸಲು. ಬೆಳೆ ಸಮೀಕ್ಷೆಯ ಆ್ಯಪ್ ಪ್ರತಿ ಹಂಗಾಮಿಗೆ ಪ್ರತಿ ಪ್ಲಾಟಿಗೆ ಹೋಗಿಯೇ ಬರುತ್ತದೆ. ಮಾಲೀಕತ್ವಕ್ಕೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು ಕಾನೂನಿನಲ್ಲಿ ಬರೆದು, ಆ ಹಂಗಾಮಿಗಷ್ಟೇ ಉತ್ತವನ ಎಫ್‌ಐಡಿಯನ್ನು ಅಲ್ಲಿ ದಾಖಲಿಸಲು ತಂತ್ರಾಂಶದ ತೊಡಕೇನೂ ಇಲ್ಲ. ಮತ ಇರುವುದು ಪಹಣಿದಾರರ ಬಳಿ ಎಂಬ ಲೆಕ್ಕವೇ ಇದುವರೆಗೆ ಯಾವ ಪಕ್ಷದ ಸರ್ಕಾರವನ್ನೂ ಆ ಕಾಲಂ ಮುಟ್ಟಗೊಟ್ಟಿಲ್ಲ.